ಅಗ್ಗದ ಕೋವಿ, ಅಪರೂಪದ ತೋಟೆ

ಧರ್ಮಸೂಕ್ಷ್ಮದ ಪ್ರಶ್ನೆಗಳು ರಣರಂಗದಲ್ಲಿ, ರಾಜಸಭೆಯಲ್ಲಿ, ಇಲ್ಲವೆ ಮರಣಶಯ್ಯೆಯ ಬಳಿಯಲ್ಲಿ ಮಾತ್ರ ಹುಟ್ಟುತ್ತವೆಂದು ಎಣಿಸುವುದು ನಮ್ಮಲ್ಲಿ ರೂಢಿಯಾಗಿದೆ. ಅಂಗಡಿಯ ಮುಂದೆ ನಿಂತು, ಕೊಳ್ಳಲೋ ಬಿಡಲೋ ಎಂದು ತೂಗಾಡುತ್ತಿರುವ ಮನುಷ್ಯನನ್ನು ಕಂಡರೆ, ಅವನು ಬರಿಯ ಲಾಭನಷ್ಟದ ಲೆಕ್ಕ ಹಾಕುತ್ತಿದ್ದಾನೆಂದು ಹೇಳಿ ಮುಂದಕ್ಕೆ ಹೋಗುತ್ತೇವೆ. ಅದು ಲೆಕ್ಕದ ಮೇಷ್ಟರ ಪಾಲಿನ ವಿಷಯ, ನೀತಿಪಾಠದ ಮೇಷ್ಟರಿಗೆ ಅಲ್ಲಿ ಕೆಲಸವಿಲ್ಲ ಎಂಬ ಭಾವನೆ. ಈ ವಿಂಗಡಣೆ ಸರಿಯೆಂದು ನಮಗೆ ತೋರುವುದಿಲ್ಲ. ಲೆಕ್ಕವನ್ನು ಕೊನೆಯ ಸಾಲಿನವರೆಗೂ ಮಾಡಿದರೆ ಎಷ್ಟೋ ಸಲ ಅದು ನೀತಿಯ ಅಂಗಳಕ್ಕೇ ಬಂದು ನಿಲ್ಲುತ್ತದೆ. ಅದನ್ನು ತೋರಿಸಲು ನಾವು ಆರಿಸಿಕೊಂಡ ಉದಾಹರಣೆ ವಾಚಕರಿಗೆ ವಿಚಿತ್ರವಾಗಿ ಕಾಣಬಹುದು. ಬೇಟೆಯ ರೈಫಲ್ ಒಂದನ್ನು ಬೆಲೆ ಇಳಿಸಿ ಮಾರಾಟಕ್ಕೆ ಇಟ್ಟಿದ್ದಾರೆ. ಆದರೆ ಅದರ ತೋಟೆ ಎಲ್ಲ ಕಡೆಯೂ ಸಿಕ್ಕುವಂಥದಲ್ಲ. (ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆಯವರು ಇದನ್ನೇ ಕಾಡತೂಸು ಎಂದು ಓದಿಕೊಳ್ಳಬಹುದು.) ಅಂಥ ರೈಫಲನ್ನು ಕೊಳ್ಳಬೇಕೆ, ಬಿಡಬೇಕೆ?

ಈ ಪ್ರಶ್ನೆ ನಿತ್ಯಜೀವನದಲ್ಲಿ ನಿಜವಾಗಿ ಏಳುವ ನಾಡು ಅಮೆರಿಕ. ಅಲ್ಲಿನ ಪೆನ್ಸಿಲ್ವೇನಿಯ ರಾಜ್ಯದಲ್ಲಿ ಬಿಳಿಬಾಲದ ಜಿಂಕೆಯ ಬೇಟೆಗೆಂದು ಸರ್ಕಾರ ಗೊತ್ತುಮಾಡಿದ ದಿನಗಳುಂಟು. ರೈಫಲ್ ಬೇಟೆಯ ಮೊದಲ ದಿನ ಬಹುಕಾಲ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಬಳಿಕ ಬರುವ ಸೋಮವಾರವಾಗಿತ್ತು. 2019ರಲ್ಲಿ ಅದನ್ನು ಶನಿವಾರಕ್ಕೆ ಹಿಂದೆ ತಂದರು. ಆ ಸೋಮವಾರ ಅನೇಕ ಶಾಲೆಗಳಿಗೆ ರಜೆ ಕೊಡುವ ವಾಡಿಕೆಯೇ ಬೆಳೆದಿತ್ತೆಂದರೆ, ಬೇಟೆ ಅಲ್ಲಿ ಎಷ್ಟು ಮನೆಮಾತಿನ ವಿಷಯವೆಂಬುದನ್ನು ನಮ್ಮ ಅಧ್ಯಾಪಕ ಮಿತ್ರರು ಊಹಿಸಬಹುದು. ಅಲ್ಲಿಯ ಒಬ್ಬ ಸಾಮಾನ್ಯ ಗೃಹಸ್ಥ ಅಂಗಡಿಗೆ ಹೋಗಿದ್ದಾನೆಂದು ಇಟ್ಟುಕೊಳ್ಳೋಣ. ಗೋಡೆಗೆ ಒರಗಿಸಿದ ಸಾಲಿನಲ್ಲಿ ಒಂದು ಹೊಸ ರೈಫಲ್ ಉಂಟು. ಮರದ ಹಿಡಿ ಚೆನ್ನಾಗಿದೆ, ಕೆಲಸ ಅಚ್ಚುಕಟ್ಟಾಗಿದೆ. ಪಕ್ಕದಲ್ಲಿರುವ ಅದೇ ಮಾದರಿಯ ರೈಫಲುಗಳಿಗಿಂತ ಇದರ ಬೆಲೆ ಮೂರರಲ್ಲೊಂದು ಪಾಲು ಕಡಿಮೆ. ಕಾರಣ ಕೇಳಿದರೆ ಅಂಗಡಿಯವನು ಮುಚ್ಚಿಡದೆ ಹೇಳುತ್ತಾನೆ: ಇದರ ಕ್ಯಾಲಿಬರ್ ಹೆಚ್ಚು ಬಳಕೆಯದಲ್ಲ, ಕೇಳುವವರಿಲ್ಲ, ಆದುದರಿಂದ ದಾಟಿಸಿಬಿಡಬೇಕೆಂದಿದ್ದೇವೆ. ಕ್ಯಾಲಿಬರ್ ಎಂದರೆ ನಳಿಗೆಯ ಒಳಬಾಯಿಯ ಅಗಲ. ಸಾಮಾನ್ಯವಾಗಿ ಅಂಗುಲದ ಭಾಗಗಳಲ್ಲಿ ಹೇಳುತ್ತಾರೆ. ಆದರೆ ಒಂದೇ ಅಗಲದ ನಳಿಗೆಗಳಿಗೂ ಬೇರೆ ಬೇರೆ ಉದ್ದದ, ಬೇರೆ ಬೇರೆ ಆಕಾರದ ತೋಟೆಗಳುಂಟು. ಒಂದು ಕೋವಿಗೆ ಅದರದೇ ತೋಟೆ ಬೇಕು, ಮತ್ತೊಂದು ನಡೆಯುವುದಿಲ್ಲ.

ಅಪರೂಪವಾದದ್ದು ಎಂದ ಮಾತ್ರಕ್ಕೆ ಅದು ಕೀಳಾದದ್ದೆಂದು ತಿಳಿಯಕೂಡದು. ಇದಕ್ಕೆ ಒಳ್ಳೆಯ ನಿದರ್ಶನ .280 ರೆಮಿಂಗ್ಟನ್ ಎಂಬ ತೋಟೆ. ಅಮೆರಿಕದ ಸೈನ್ಯ 1906ರಲ್ಲಿ ಅಂಗೀಕರಿಸಿದ .30-06 ಎಂಬ ತೋಟೆಯ ಹಿತ್ತಾಳೆಯ ಕೋಶದ ಕತ್ತನ್ನು ಕಿರಿದುಮಾಡಿ ವಿಂಚೆಸ್ಟರ್ ಕಂಪೆನಿ 1925ರಲ್ಲಿ .270 ಎಂಬುದನ್ನು ಹೊರತಂದಿತು. ರೆಮಿಂಗ್ಟನ್ ಕಂಪೆನಿ ಅದೇ ಕೋಶದ ವಂಶದಲ್ಲಿ .280ನ್ನು ತಂದುದು 1957ರಲ್ಲಿ. ಮೊದಲನೆಯದರ ಗುಂಡಿನ ಅಗಲ ಅಂಗುಲದ ಸಾವಿರದಲ್ಲಿ 277 ಭಾಗ, ಎರಡನೆಯದರದು 284 ಭಾಗ; ಅಂತರ ಸಾವಿರದಲ್ಲಿ ಏಳು. ಆ ಅಂತರವನ್ನು ಯಾವ ಜಿಂಕೆಯೂ ತಿಳಿಯಲಾರದು. ಆದರೆ ಮೂವತ್ತೆರಡು ವರ್ಷ ಮುಂಚೆ ಬಂದ .270ರ ಹೆಸರು ಅಷ್ಟರಲ್ಲಿ ಮನೆಮನೆಯಲ್ಲಿ ನೆಲಸಿತ್ತು. ಜ್ಯಾಕ್ ಓಕಾನರ್ ಎಂಬ ಪ್ರಸಿದ್ಧ ಬೇಟೆಯ ಬರಹಗಾರ ಪತ್ರಿಕೆಯಲ್ಲಿ ಅದನ್ನು ಬಹುಕಾಲ ಹೊಗಳಿದ್ದ. ಹಿಂದೆ ಬಿದ್ದ .280ಕ್ಕೆ ಹೊಸ ಕಳೆ ತರಬೇಕೆಂದು 1979ರಲ್ಲಿ ಕಂಪೆನಿ ಅದರ ಹೆಸರನ್ನೇ ಬದಲಾಯಿಸಿತು. ಹೊಸ ಹೆಸರು ಅದೇ ಕಂಪೆನಿಯ ಇನ್ನೊಂದು ತೋಟೆಯ ಹೆಸರಿಗೆ ಹತ್ತಿರವಾಗಿ ಗೊಂದಲಕ್ಕೆ ಎಡೆಯಾಯಿತು. ಕೆಲಕಾಲದಲ್ಲಿ ಹಳೆಯ ಹೆಸರನ್ನೇ ತಿರುಗಿ ಇಟ್ಟರು. ಮದುವೆಯಾಗದ ಕನ್ಯೆಯ ಜಾತಕ ತಿದ್ದಿದ ಹಾಗೆ ಆಯಿತು ಈ ಕತೆ! ಇದಕ್ಕೆ ಎರಡು ವರ್ಷ ಮೊದಲು, 1955ರಲ್ಲಿ, ಇದೇ ಎರಡು ಕಂಪೆನಿಗಳ .243 ಮತ್ತು .244 ಒಟ್ಟಿಗೆ ಪೇಟೆಗೆ ಬಂದುವು. ಗುಂಡಿನ ಅಗಲ ಎರಡಕ್ಕೂ ಒಂದೇ. ಎರಡನೆಯದರ ನಳಿಗೆಯೊಳಗಿನ ತಿರುಪುಗೆರೆಗಳನ್ನು ಹಗುರವಾದ ಗುಂಡಿಗೆ ತಕ್ಕಂತೆ ಕೊರೆದಿದ್ದರು. ಜಿಂಕೆಗೆ ಕೊಂಚ ಭಾರವಾದ ಗುಂಡೇ ಬೇಕೆಂದ ಜನ .243ನ್ನು ಆರಿಸಿಕೊಂಡರು. ಅಷ್ಟರಿಂದಲೇ ಒಂದು ರಾಜಮಾರ್ಗವಾಯಿತು, ಇನ್ನೊಂದು ಓಣಿಯಾಯಿತು.

ಯುದ್ಧ, ಕಾನೂನು, ಜಾಹೀರಾತು, ಕಾಲದ ಹಿಂದುಮುಂದು ಇವುಗಳಿಂದ ಒಂದು ಅಳತೆ ಬಳಕೆಗೆ ಬರುತ್ತದೆ, ಇನ್ನೊಂದು ಬಳಕೆ ತಪ್ಪುತ್ತದೆ. ನಮ್ಮ ದೇಶದ ಚರಿತ್ರೆಯಲ್ಲಿಯೂ ಇದಕ್ಕೆ ಸಾಕ್ಷಿಯುಂಟು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷ್ ಸರ್ಕಾರ .450 ಅಳತೆಯ ರೈಫಲುಗಳನ್ನು ಭಾರತಕ್ಕೆ ತರಕೂಡದೆಂದು ವಿಧಿಸಿತು. ಸೈನ್ಯದ ಹಳೆಯ ಕೋವಿಗಳಿಗೆ ಆ ಗುಂಡು ಹೊಂದಿ ದಂಗೆಕೋರರ ಕೈಸೇರೀತೆಂಬ ಭಯ. ಕೂಡಲೆ ಲಂಡನ್ನಿನ ಕೋವಿ ತಯಾರಕರು .465, .470 ಎಂದು ಕೊಂಚ ಕೊಂಚವೇ ಬೇರೆಯಾದ ಅಳತೆಗಳನ್ನು ಮಾಡಿ ಕಳುಹಿದರು. ಸ್ವಾತಂತ್ರ್ಯ ಬಂದ ಮೇಲೂ .303 ಸೈನ್ಯದ ಅಳತೆಯೆಂದು ಜನಸಾಮಾನ್ಯರಿಗೆ ನಿಷಿದ್ಧವಾದುದರಿಂದಲೇ .315 ಎಂಬುದು ಇಲ್ಲಿನ ಪರವಾನಗಿದಾರರಲ್ಲಿ ರೂಢವಾಯಿತು. ಇನ್ನು ನಮ್ಮ ಹೊಸೂರು, ತಾಳವಾಡಿಗಳ ಕಾಡುಗಳ ನೆನಪಿನಲ್ಲಿ ಸೇರಿಹೋಗಿರುವ ಕೆನೆತ್ ಆಂಡರ್ಸನ್ ಬೆಂಗಳೂರಿನವನು. ಜವಳಗಿರಿ, ಗುಮ್ಮಳಾಪುರಗಳ ನರಭಕ್ಷಕಗಳ ಕತೆಯನ್ನು ಜಗತ್ತಿಗೆ ಹೇಳಿದವನು. ಅವನ ಕತೆಗಳನ್ನು ತೇಜಸ್ವಿಯವರು ಕನ್ನಡಕ್ಕೆ ತಂದಿರುವುದು ನಮ್ಮ ವಿದ್ಯಾರ್ಥಿಗಳಿಗೆ ಗೊತ್ತು. ಆತನ ಕೈಯಲ್ಲಿದ್ದುದು 1904ರಲ್ಲಿ ಹೊರಬಂದ .405 ವಿಂಚೆಸ್ಟರ್. ಆ ಅಳತೆಗೆ ಹೇಳಿಕೊಳ್ಳುವಂಥ ಬಳಗ ಬೆಳೆಯಲಿಲ್ಲ. ಅಮೆರಿಕದ ಅಧ್ಯಕ್ಷನಾಗಿದ್ದ ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಕ್ಕೆ ಅದನ್ನೇ ಒಯ್ದಿದ್ದರೂ ಬೆಳೆಯಲಿಲ್ಲ. ಆಂಡರ್ಸನ್ನನ ಕೈಯಲ್ಲಿ ಅದು ಎಂಥ ಕೆಲಸ ಮಾಡಿತೆಂಬುದನ್ನು ಅವನ ಪುಸ್ತಕಗಳೇ ಹೇಳುತ್ತವೆ.

ಹಾಗಾದರೆ ಅಂಗಡಿಯಲ್ಲಿ ನಿಂತ ನಮ್ಮ ಗೃಹಸ್ಥ ಏಕೆ ಹಿಂದೆಮುಂದೆ ನೋಡಬೇಕು? ಕೋವಿ ಒಳ್ಳೆಯದು, ಬೆಲೆ ಕಡಿಮೆ. ಅವನು ಕೊಳ್ಳುತ್ತಿರುವುದು ಕಬ್ಬಿಣ ಮತ್ತು ಮರವನ್ನು ಮಾತ್ರವಾಗಿದ್ದರೆ ಪ್ರಶ್ನೆಯೇ ಇರುತ್ತಿರಲಿಲ್ಲ. ಆದರೆ ಕೋವಿಯೆಂಬುದು ಮೇವು ಬೇಡುವ ವಸ್ತು. ದನ ಕೊಳ್ಳುವ ರೈತ ಹಲ್ಲು, ಸುಳಿ ನೋಡಿದಷ್ಟೇ ತನ್ನ ಹಿತ್ತಲಿನ ಬಣವೆಯನ್ನೂ ನೋಡಿಕೊಳ್ಳುತ್ತಾನೆ. ತೋಟೆಯ ಕಾರ್ಖಾನೆಗಳು ಎಲ್ಲ ಅಳತೆಗಳನ್ನೂ ಎಲ್ಲ ದಿನವೂ ಮಾಡುವುದಿಲ್ಲ. ಹೆಚ್ಚು ಜನ ಕೇಳುವುದನ್ನು ಮೊದಲು ಮಾಡಿ, ಯಂತ್ರಕ್ಕೆ ಬಿಡುವಾದಾಗ ಉಳಿದವುಗಳ ಕಡೆ ತಿರುಗುತ್ತವೆ. 2020 ಮತ್ತು 2021ರಲ್ಲಿ ಅಮೆರಿಕದಲ್ಲಿ ತೋಟೆಗಳಿಗೆ ಭಾರಿ ಅಭಾವ ಬಂದಾಗ ಈ ಮಾತು ಎಲ್ಲರಿಗೂ ಮನವರಿಕೆಯಾಯಿತು. ಬಳಕೆಯ ತೋಟೆಗಳೇ ಬೀರುಗಳಲ್ಲಿ ಬರಿದಾಗಿರಲು ಅಪರೂಪದವುಗಳ ಮುಖ ಕಾಣುವುದೇ ಕಷ್ಟವಾಯಿತು. ಅದೇ 2020ರಲ್ಲಿ ರೆಮಿಂಗ್ಟನ್ ಕಂಪೆನಿ ದಿವಾಳಿಯೆದ್ದು, ತುಂಡುತುಂಡಾಗಿ ಬೇರೆಯವರ ಕೈಸೇರಿತು. ತೋಟೆಯ ತಲೆಯ ಮೇಲೆ ಯಾರ ಹೆಸರಿತ್ತೋ ಅವರ ಮನೆಯೇ ಹಂಚಿಹೋಯಿತು.

ಈಗ ಲೆಕ್ಕಕ್ಕೆ ಬರೋಣ. ವಿದ್ಯಾರ್ಥಿಗಳು ಬೇಕಾದರೆ ಸ್ಲೇಟು ಹಿಡಿಯಬಹುದು. ಇಲ್ಲಿಯ ಅಂಕಿಗಳು ಪೇಟೆಯ ಧಾರಣೆಯಲ್ಲ, ನಾವು ಉದಾಹರಣೆಗೆಂದು ಇಟ್ಟುಕೊಂಡವು. ರೈಫಲಿನ ಮೊದಲ ಬೆಲೆ 900 ಡಾಲರು, ಇಳಿಸಿದ ಬೆಲೆ 600, ಉಳಿತಾಯ 300. ಇಪ್ಪತ್ತು ತೋಟೆಗಳ ಒಂದು ಪೆಟ್ಟಿಗೆ ಬಳಕೆಯ ಅಳತೆಯದಾದರೆ 35 ಡಾಲರು, ಅಪರೂಪದ್ದಾದರೆ 60. ಪೆಟ್ಟಿಗೆಗೆ 25 ಹೆಚ್ಚು. ಹನ್ನೆರಡು ಪೆಟ್ಟಿಗೆ, ಎಂದರೆ 240 ತೋಟೆ ಸುಟ್ಟ ಹೊತ್ತಿಗೆ ಉಳಿತಾಯವೆಲ್ಲ ಕರಗಿಹೋಗುತ್ತದೆ. ವರ್ಷಕ್ಕೆ ಮೂರು ಪೆಟ್ಟಿಗೆಯಂತೆ ಗುರಿಹಲಗೆಗೆ ಹೊಡೆದು ಕೈಯನ್ನು ಪಳಗಿಸಿಕೊಳ್ಳುವ ಶ್ರದ್ಧಾವಂತನಿಗೆ ಇದು ನಾಲ್ಕು ವರ್ಷದ ಮಾತು. ಐದನೆಯ ವರ್ಷದಿಂದ ಅವನು ನಷ್ಟದಲ್ಲಿದ್ದಾನೆ. ಇನ್ನೊಬ್ಬನಿದ್ದಾನೆ. ವರ್ಷವೆಲ್ಲ ಕೋವಿಯನ್ನು ಮೂಲೆಗಿಟ್ಟು, ಬೇಟೆಯ ಹಿಂದಿನ ದಿನ ಎರಡು ಗುಂಡು ಹಾರಿಸಿ ಕಾಡಿಗೆ ಹೋಗುವವನು. ನಾಲ್ಕು ವರ್ಷಕ್ಕೆ ಒಂದು ಪೆಟ್ಟಿಗೆ ಅವನಿಗೆ ಸಾಕು. ಅವನ ಉಳಿತಾಯ ಕರಗಲು ನಲವತ್ತೆಂಟು ವರ್ಷ ಬೇಕು, ಎಂದರೆ ಜೀವಮಾನವಿಡೀ ಅವನು ಲಾಭದಲ್ಲಿಯೇ ಇದ್ದಾನೆ.

ಇಲ್ಲಿ ವಾಚಕರು ಒಂದು ಗಳಿಗೆ ನಿಲ್ಲಬೇಕು. ಯಾವನು ಹೆಚ್ಚು ಅಭ್ಯಾಸ ಮಾಡುವನೋ ಅವನಿಗೆ ಈ ಅಗ್ಗ ಅಗ್ಗವಾಗಿ ಉಳಿಯುವುದಿಲ್ಲ. ಯಾವನು ಅಭ್ಯಾಸವನ್ನೇ ಮಾಡನೋ ಅವನಿಗೆ ಮಾತ್ರ ಉಳಿಯುತ್ತದೆ. ರಿಯಾಯಿತಿಯೆಂಬುದು ಸೋಮಾರಿತನಕ್ಕೆ ಕೊಟ್ಟ ಬಹುಮಾನವಾಗಿ ಪರಿಣಮಿಸುತ್ತದೆ. ಅಷ್ಟೇ ಅಲ್ಲ, ಕೊಂಡವನು ಶ್ರದ್ಧಾವಂತನೇ ಆಗಿದ್ದರೂ ಒಂದೊಂದು ಗುಂಡು ಹಾರಿಸಿದಾಗಲೂ ಅವನ ಕೈಯನ್ನು ಯಾರೋ ಹಿಡಿದೆಳೆದಂತೆ ಆಗುತ್ತದೆ. ಇನ್ನು ಆರೇ ಉಳಿದಿವೆ, ಬೇಟೆಯ ದಿನಕ್ಕಿರಲಿ, ಇಂದಿಗೆ ಸಾಕು! ಹೀಗೆ ಮೂರು ಪೆಟ್ಟಿಗೆ ಎರಡಾಗುತ್ತದೆ, ಎರಡು ಒಂದಾಗುತ್ತದೆ. ಅವನು ಕೆಟ್ಟವನಾದುದರಿಂದ ಹೀಗಾಗುವುದಿಲ್ಲ. ಕೊಂಡ ವಸ್ತು ಅವನನ್ನು ದಿನದಿನವೂ ಆ ಕಡೆಗೆ ಒತ್ತುತ್ತಿರುತ್ತದೆ.

ಮತ್ತೆ ಈ ಕಳೆದುಹೋದ ಅಭ್ಯಾಸದ ಬೆಲೆಯನ್ನು ತೆರುವವರು ಯಾರು? ಕೊಂಡವನಲ್ಲ, ಮಾರಿದವನಲ್ಲ. ಎದೆಗೂಡಿಗೆ, ಪುಪ್ಪುಸದ ಎಡೆಗೆ ಗುಂಡು ಸರಿಯಾಗಿ ತಾಗಿದರೆ ಜಿಂಕೆ ಸ್ವಲ್ಪ ದೂರ ಓಡಿ ಬೀಳುತ್ತದೆ, ಕೆಲವು ಕ್ಷಣಗಳಲ್ಲಿ ಎಲ್ಲವೂ ಮುಗಿಯುತ್ತದೆ. ಗೇಣು ಹಿಂದಕ್ಕೆ ಸರಿದು ಹೊಟ್ಟೆಗೆ ತಾಗಿತೋ, ಆ ಪ್ರಾಣಿ ಪೊದೆಯಲ್ಲಿ ಹೊಕ್ಕು ಗಂಟೆಗಟ್ಟಲೆ ಬಿದ್ದಿರುತ್ತದೆ. ಅಂಥ ಜಿಂಕೆಯನ್ನು ಕೂಡಲೆ ಬೆನ್ನಟ್ಟಬಾರದು, ಎಬ್ಬಿಸಿದರೆ ಇನ್ನೂ ದೂರ ಹೋಗಿ ಕೈತಪ್ಪುತ್ತದೆ, ಬಹಳ ಹೊತ್ತು ಕಾದು ಹೋಗಬೇಕು ಎಂಬುದು ಬೇಟೆಗಾರರ ಅನುಭವದ ಮಾತು. ಗೇಣಿನ ಅಂತರದಲ್ಲಿ ಇಷ್ಟು ಭೇದ. ಆ ಗೇಣನ್ನು ಗೆಲ್ಲಿಸಿಕೊಡುವುದು ಅಂಗಡಿಯಲ್ಲಿ ಉಳಿಸಿದ ಹಣವಲ್ಲ, ಗುರಿಹಲಗೆಯ ಮೇಲೆ ಸುಟ್ಟ ಮದ್ದು. ‘ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ’ ಎಂಬ ಗಾದೆ ನಮ್ಮಲ್ಲಿದೆಯಷ್ಟೆ. ಇಲ್ಲಿ ಆಟವೂ ಅಲ್ಲ, ಬರಿಯ ಉಳಿತಾಯ.

ತೆರುವವರು ಪ್ರಾಣಿಗಳು ಮಾತ್ರವೂ ಅಲ್ಲ. 1907ರಲ್ಲಿ ಜಿಮ್ ಕಾರ್ಬೆಟ್ ಕುಮಾಊಂ ಪ್ರದೇಶದ ಚಂಪಾವತದಲ್ಲಿ ಹೊಡೆದ ಹೆಣ್ಣುಹುಲಿ 436 ಮನುಷ್ಯರನ್ನು ಕೊಂದಿತ್ತೆಂದು ಲೆಕ್ಕ. ಸತ್ತ ಹುಲಿಯ ಬಾಯನ್ನು ನೋಡಿದಾಗ ಬಲಗಡೆಯ ಮೇಲಣ ಕೆಳಗಣ ಕೋರೆಹಲ್ಲುಗಳು ಮುರಿದಿದ್ದುವು. ಅದು ಹಳೆಯ ಗುಂಡೇಟಿನ ಫಲ, ಅದರಿಂದಲೇ ಅದು ಸಹಜವಾದ ಬೇಟೆಯನ್ನು ಬಿಟ್ಟು ಮನುಷ್ಯರ ಮೇಲೆ ಬಿದ್ದಿತು ಎಂದು ಕಾರ್ಬೆಟ್ ನಿರ್ಣಯಿಸಿದ. ಎಂದೋ ಯಾರೋ ಹಾರಿಸಿದ ಒಂದು ಗುರಿತಪ್ಪಿದ ಗುಂಡು! ಹಾರಿಸಿದವನು ಮನೆಗೆ ಹೋಗಿ ಊಟಮಾಡಿ ಮಲಗಿರಬೇಕು. ಆ ಗುಂಡಿಗೆ ಬೆಲೆ ತೆತ್ತವರು ಹುಲ್ಲು ಕೊಯ್ಯಲು, ಸೌದೆ ಆಯಲು ಹೋದ ಹಳ್ಳಿಯ ಹೆಂಗಸರು, ಮಕ್ಕಳು.

ಇಷ್ಟು ಹೊತ್ತಿಗೆ ಒಬ್ಬ ವಾಚಕ ಎದ್ದು ನಿಂತು, ‘ಸ್ವಾಮಿ, ಕೊಲ್ಲುವುದೇ ಪಾಪವಾಗಿರಲು ಚೆನ್ನಾಗಿ ಕೊಲ್ಲುವುದು ಹೇಗೆಂಬ ವಿಚಾರ ಏಕೆ?’ ಎಂದು ಕೇಳಬಹುದು. ಕೇಳಬೇಕಾದದ್ದೇ. ಹಿಟ್ಟಿನ ಕೋಳಿಯನ್ನು ಕಡಿದ ಸಂಕಲ್ಪಹಿಂಸೆಗೇ ಜನ್ಮಜನ್ಮಾಂತರದ ದುಃಖವನ್ನು ಉಂಡವರ ಕತೆಯನ್ನು ಜನ್ನ ‘ಯಶೋಧರ ಚರಿತೆ’ಯಲ್ಲಿ ಹೇಳಿದ್ದಾನೆ; ಆ ನಿಲುವಿನ ಮುಂದೆ ನಮ್ಮ ಗೃಹಸ್ಥನಿಗೆ ಕ್ಷಮೆಯೇ ಇಲ್ಲ. ಆ ನಿಲುವನ್ನು ನಾವು ಗೌರವಿಸುತ್ತೇವೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ವಿನೋದದ ಬೇಟೆಗೆ ತೆರೆ ಎಳೆದುದು ಸರಿಯೆಂದೇ ನಮ್ಮ ಅಭಿಪ್ರಾಯ. ಆದರೆ ದೊಡ್ಡ ನಿಷೇಧವನ್ನು ಒಪ್ಪದವರಿಗೆ ಚಿಕ್ಕ ಹೊಣೆಗಳೂ ಇಲ್ಲವೆಂದು ಹೇಳಿದರೆ ಜಗತ್ತಿನ ಬಹುಪಾಲು ಜನರನ್ನು ನೀತಿಯ ಊರಿನಿಂದ ಹೊರಗೆ ಹಾಕಿದಂತಾಗುತ್ತದೆ. ಮಹಾಭಾರತದ ಧರ್ಮವ್ಯಾಧ ಮಾಂಸ ಮಾರುವವನಾಗಿದ್ದೂ ಕೌಶಿಕನಿಗೆ ಧರ್ಮ ಹೇಳಲಿಲ್ಲವೆ? ಹಾಗೂ ಈ ಪ್ರಶ್ನೆ ನಮಗೆ ತೀರ ಹೊರಗಿನದೂ ಅಲ್ಲ. ಬೆಳೆ ಹಾಳುಮಾಡುವ ಕಾಡುಹಂದಿಗಳನ್ನು ಹೊಡೆಯಲು ಅಪ್ಪಣೆ ಕೊಡುವ ಅಧಿಕಾರವನ್ನು ಕೇರಳ ಸರ್ಕಾರ 2022ರಲ್ಲಿ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ಒಪ್ಪಿಸಿತು. ಪರವಾನಗಿಯ ಕೋವಿಯುಳ್ಳವರನ್ನು ಆ ಕೆಲಸಕ್ಕೆ ಕರೆಯುತ್ತಾರೆ. ಕಾಸರಗೋಡಿನ ಅಡಕೆ ತೋಟದಲ್ಲಿ ಅರೆಜೀವವಾಗಿ ತಪ್ಪಿಸಿಕೊಂಡ ಹಂದಿ ಮರುದಿನ ಬೆಳಗ್ಗೆ ಅಡಕೆ ಹೆಕ್ಕಲು ಬಂದವಳ ಎದುರಿಗೆ ನಿಲ್ಲಬಹುದು. ಕೊಲ್ಲಬೇಕೆ ಎಂಬ ಪ್ರಶ್ನೆಗೆ ಸರ್ಕಾರ ಉತ್ತರ ಹೇಳಿದ ಮೇಲೂ ಹೇಗೆ ಎಂಬ ಪ್ರಶ್ನೆ ಕೋವಿ ಹಿಡಿದವನ ಹೆಗಲ ಮೇಲೆಯೇ ಉಳಿಯುತ್ತದೆ. ನಾರ್ವೆ ದೇಶದಲ್ಲಿ ದೊಡ್ಡ ಪ್ರಾಣಿಗಳ ಬೇಟೆಗೆ ಹೋಗುವವನು ಪ್ರತಿ ವರ್ಷವೂ ನೂರು ಮೀಟರು ದೂರದಿಂದ ಐದು ಗುಂಡು ಹೊಡೆದು ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಅಮೆರಿಕದಲ್ಲಿ ಆ ಬಗೆಯ ವಾರ್ಷಿಕ ಪರೀಕ್ಷೆ ರೂಢಿಯಲ್ಲಿಲ್ಲ. ಆದರೆ 1937ರ ಒಂದು ಕಾಯಿದೆಯಂತೆ ರೈಫಲುಗಳ ಮೇಲೆಯೂ ತೋಟೆಗಳ ಮೇಲೆಯೂ ನೂರಕ್ಕೆ ಹನ್ನೊಂದರಂತೆ ಬರುವ ತೆರಿಗೆ ವನ್ಯಪ್ರಾಣಿಗಳ ಪುನರುದ್ಧಾರಕ್ಕೆ ಸಲ್ಲುತ್ತದೆ. ಕೊಳ್ಳುವವನು, ಮಾರುವವನು ಇಬ್ಬರಲ್ಲದೆ ಆ ವ್ಯಾಪಾರದಲ್ಲಿ ಮಾತುಬಾರದ ಮೂರನೆಯ ಪಾಲುಗಾರನೊಬ್ಬನಿದ್ದಾನೆಂದು ಆ ನಾಡಿನ ಕಾನೂನೇ ಒಪ್ಪಿದೆ ಎಂದು ನಾವು ಅರ್ಥಮಾಡುತ್ತೇವೆ.

ಕೊಳ್ಳುವವನ ಕಡೆಯ ಸಮಾಧಾನಗಳನ್ನೂ ಕೇಳಬೇಕು. ಅಭ್ಯಾಸಕ್ಕೆ .22 ಅಳತೆಯ ಚಿಕ್ಕ ಕೋವಿ ಸಾಕು, ಅದರ ತೋಟೆ ಅಗ್ಗ ಎನ್ನುತ್ತಾನೆ. ಉಸಿರು ಬಿಗಿಹಿಡಿಯಲು, ಬೆರಳು ನಡುಗದಿರಲು ಅದು ನಿಜವಾಗಿಯೂ ಸಹಾಯಕ. ಆದರೆ ದೊಡ್ಡ ಕೋವಿಯ ಒದೆತವನ್ನು ಭುಜಕ್ಕೆ ಕಲಿಸಲಾರದು, ಇನ್ನೂರು ಗಜದಾಚೆ ಗುಂಡು ಎಷ್ಟು ಇಳಿಯುವುದೆಂದು ಕಣ್ಣಿಗೆ ಕಲಿಸಲಾರದು. ಎರಡನೆಯ ಸಮಾಧಾನ ಹೆಚ್ಚು ತೂಕದ್ದು. ಸುಟ್ಟ ತೋಟೆಯ ಹಿತ್ತಾಳೆ ಕೋಶವನ್ನು ಎಸೆಯದೆ, ಹೊಸ ಕೇಪು ಕೂರಿಸಿ, ಮದ್ದು ಅಳೆದು ಹಾಕಿ, ಗುಂಡು ಒತ್ತಿ, ಮನೆಯಲ್ಲಿಯೇ ತೋಟೆ ಸಿದ್ಧಪಡಿಸುವ ವಿದ್ಯೆ ಅಲ್ಲಿ ಬಹಳ ಬೆಳೆದಿದೆ. .280ಕ್ಕೆ ಹೊಂದುವ ಗುಂಡುಗಳನ್ನೇ ಏಳು ಮಿಲಿಮೀಟರಿನ ಬೇರೆ ತೋಟೆಗಳಿಗೂ ಬಳಸುವುದರಿಂದ ಗುಂಡಿಗೆ ಬರವಿಲ್ಲ. ಈ ವಿದ್ಯೆ ಬಲ್ಲವನಿಗೆ ಅಪರೂಪವೆಂಬ ಮಾತು ಅರ್ಧ ಕಳಚಿಹೋಗುತ್ತದೆ. ಆ ರೈಫಲನ್ನು ಅವನು ನಿಸ್ಸಂಕೋಚವಾಗಿ ಕೊಳ್ಳಬಹುದು. ಬಲ್ಲವನು ಎಂದೆವು, ಮುಂದೆ ಕಲಿಯುತ್ತೇನೆ ಎನ್ನುವವನಲ್ಲ. ಅಗ್ಗದ ವಸ್ತುವಿನ ಎದುರಿಗೆ ಮನುಷ್ಯ ತನ್ನ ನಾಳಿನ ಶ್ರದ್ಧೆಯ ವಿಷಯದಲ್ಲಿ ಬಹಳ ಉದಾರಿಯಾಗುತ್ತಾನೆ. ಅರ್ಧ ಬೆಲೆಗೆ ಸಿಕ್ಕಿತೆಂದು ಹತ್ತು ಸಂಪುಟದ ಗ್ರಂಥಗಳನ್ನು ಹೊತ್ತು ತಂದು, ಎರಡನೆಯ ಸಂಪುಟದ ಹಾಳೆಯನ್ನೂ ಕತ್ತರಿಸದೆ ಇಟ್ಟಿರುವ ಅಧ್ಯಾಪಕರು ನಮ್ಮ ಬಳಗದಲ್ಲಿಯೂ ಇಲ್ಲದಿಲ್ಲ. ಅಲ್ಲಿ ಗೆದ್ದಲಿಗಲ್ಲದೆ ಇನ್ನಾರಿಗೂ ಅದರಿಂದ ಬಾಧಕವಿಲ್ಲ. ಕೋವಿಯ ಮಾತು ಹಾಗಲ್ಲ.

ಮೂರನೆಯದೊಂದು ಆಕ್ಷೇಪವುಂಟು, ಅದನ್ನು ನಾವು ಸುಲಭವಾಗಿ ತಳ್ಳಲಾರೆವು. ತೋಟೆ ವಿರಳವಾದರೆ ಮನುಷ್ಯ ಜಾಗರೂಕನಾಗುತ್ತಾನೆ, ಹತ್ತಿರ ಬಂದು ಅಡ್ಡ ನಿಂತ ಹೊರತು ಹೊಡೆಯುವುದಿಲ್ಲ, ಪೆಟ್ಟಿಗೆ ತುಂಬ ಇದ್ದವನೇ ದೂರದ ಓಡುವ ಜಿಂಕೆಗೆ ಧಾರಾಳವಾಗಿ ಹಾರಿಸುತ್ತಾನೆ ಎಂಬ ಮಾತು. ನಮ್ಮ ಮಲೆನಾಡಿನ, ತುಳುನಾಡಿನ ಹಿಂದಿನ ಈಡುಗಾರರು ಕೇಪಿನ ಕೋವಿಗೆ ಒಂದು ಸಲ ಮದ್ದು ಜಡಿದರೆ ಅದೊಂದೇ ಈಡು. ತಪ್ಪಿದರೆ ಮತ್ತೆ ಜಡಿಯುವ ಹೊತ್ತಿಗೆ ಪ್ರಾಣಿ ಗುಡ್ಡ ದಾಟಿರುತ್ತಿತ್ತು. ಆ ಒಂದೇ ಈಡು ಅವರಿಗೆ ತಾಳ್ಮೆ ಕಲಿಸಿತೆಂಬುದು ನಿಜ. ಅಮೆರಿಕದಲ್ಲಿಯೂ ಅಜ್ಜನ ಕಾಲದ .300 ಸ್ಯಾವೇಜ್ ಹಿಡಿದು, ಐವತ್ತು ಅರುವತ್ತು ಗಜದೊಳಗೆ ಬಂದರೆ ಮಾತ್ರ ಹೊಡೆಯುವ ರೈತನ ಸಂಯಮವನ್ನು ಯಾರು ಹಳಿಯುವರು? ಆದರೆ ಸಂಯಮಿಯ ಕೈಗೆ ಅಪರೂಪದ ತೋಟೆ ಬಂದರೆ ಅವನು ಸಂಯಮಿಯಾಗಿಯೇ ಉಳಿಯುತ್ತಾನೆ. ಚಪಲನ ಕೈಗೆ ಬಂದರೆ ಅವನು ಅಭ್ಯಾಸವಿಲ್ಲದ ಚಪಲನಾಗುತ್ತಾನೆ. ಬೆಲೆ ಇಳಿಸಿದ ಚೀಟಿಯನ್ನು ನೋಡಿ ಕೈ ಚಾಚುವವನು ಈ ಇಬ್ಬರಲ್ಲಿ ಯಾರಾಗಿರುವ ಸಂಭವ ಹೆಚ್ಚು ಎಂಬುದನ್ನು ನಾವು ಹೇಳಬೇಕಾದ್ದಿಲ್ಲ.

ಗಡಿನಾಡಿನ ವಾಚಕರ ಮನಸ್ಸಿನಲ್ಲಿ ಈ ಹೊತ್ತಿಗೆ ಬೇರೊಂದು ಹೋಲಿಕೆ ಎದ್ದಿರುವುದು ನಮಗೆ ಗೊತ್ತು. ಕೇಳುವವರು ಕಡಿಮೆ, ಆದುದರಿಂದ ಕಾರ್ಖಾನೆ ಕೊನೆಗೆ ಮಾಡುತ್ತದೆ, ಅಂಗಡಿ ಇಡುವುದಿಲ್ಲ. ಈ ಮಾತನ್ನು ಕೋವಿಯ ವಿಷಯದಲ್ಲಿ ಓದುವಾಗ, ಶಾಲೆ ತೆರೆದು ಬಹಳ ದಿನವಾದರೂ ಕೈಗೆ ಬಾರದ ಕನ್ನಡ ಪಠ್ಯಪುಸ್ತಕದ ನೆನಪು ಯಾರಿಗೆ ಬಾರದು? ನಾವೇನೂ ರಿಯಾಯಿತಿ ಕಂಡು ಕನ್ನಡ ಮಾಧ್ಯಮವನ್ನು ಆರಿಸಿಕೊಂಡವರಲ್ಲ. ತಾಯ್ನುಡಿಯನ್ನು ಅಂಗಡಿಯ ಸಾಲಿನಿಂದ ಯಾರೂ ಎತ್ತಿಕೊಳ್ಳುವುದಿಲ್ಲ. ಅಷ್ಟರಮಟ್ಟಿಗೆ ಹೋಲಿಕೆ ಕುಂಟುತ್ತದೆ. ಆದರೆ ಉಳಿದ ಬೆಲೆಯನ್ನು ತೆರುವವರು ಯಾರು ಎಂಬ ಪ್ರಶ್ನೆ ಅಲ್ಲಿಯೂ ಬೆನ್ನು ಬಿಡುವುದಿಲ್ಲ. ಮನೆಮನೆಗೆ ಹೋಗಿ ಮಕ್ಕಳನ್ನು ಕನ್ನಡ ಶಾಲೆಗೆ ಕರೆತರುವ ನಾವು, ವಿಜ್ಞಾನದ ಪುಸ್ತಕ ಬಾರದಿದ್ದಾಗ ಪಾಠವನ್ನು ಕೈಯಿಂದ ಬರೆದು, ಈ ಪತ್ರಿಕೆಯನ್ನು ಒತ್ತುವ ಯಂತ್ರದಲ್ಲಿಯೇ ಪ್ರತಿಗಳನ್ನು ಒತ್ತಿ ಹಂಚಲು ಸಿದ್ಧರಿರಬೇಕು. ಮೇಲೆ ಹೇಳಿದ ಮನೆಯಲ್ಲಿ ತೋಟೆ ತುಂಬುವವನ ಶ್ರಮಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ. ಆ ಶ್ರಮ ನಮ್ಮಿಂದಾಗದೆ ಭಾಷಾಭಿಮಾನ ಮಾತ್ರ ನಮ್ಮದಾದರೆ, ಅದಕ್ಕೆ ಬೆಲೆ ತೆರುವವನು ಪರೀಕ್ಷೆಯ ಕೊಠಡಿಯಲ್ಲಿ ಕುಳಿತ ಹದಿನೈದು ವರ್ಷದ ಹುಡುಗ. ಇದನ್ನು ನಿಷ್ಠುರವೆಂದು ಕೆಲವರು ಮುನಿದಾರು, ಮುನಿಯಲಿ.

ಪೆನ್ಸಿಲ್ವೇನಿಯದ ಅಂಗಡಿಗೆ ಹಿಂತಿರುಗೋಣ. ಅಲ್ಲಿ ನಿಂತವನಿಗೆ ನಾವು ಕೊಡುವ ಸಲಹೆ ಕೊಳ್ಳು ಎಂದೂ ಅಲ್ಲ, ಬಿಡು ಎಂದೂ ಅಲ್ಲ. ಬೆಲೆಯ ಚೀಟಿಯನ್ನು ಮಗುಚಿ ಹಾಕಿ, ತೋಟೆಯ ಬೀರುವನ್ನು ಮೊದಲು ತೆರೆಸಲಿ. ರೈಫಲಿನಲ್ಲಿ ಉಳಿಯುವ 300 ಡಾಲರುಗಳನ್ನು ಜೇಬಿಗೆ ಹಾಕಿಕೊಳ್ಳದೆ ಅಲ್ಲಿಯೇ ತೋಟೆಗೆ ತೊಡಗಿಸಲಿ. ನಾವು ಇಟ್ಟುಕೊಂಡ ಲೆಕ್ಕದಂತೆ ಐದು ಪೆಟ್ಟಿಗೆ, ನೂರು ತೋಟೆ ಬರುತ್ತದೆ. ಎಂಬತ್ತನ್ನು ಮುಂದಿನ ಬೇಸಗೆಯಲ್ಲಿ ಗುರಿಹಲಗೆಗೆ ಸುಡುವ ಮನಸ್ಸಿದೆಯೆ ಎಂದು ತನ್ನನ್ನು ಕೇಳಿಕೊಳ್ಳಲಿ. ಅಷ್ಟು ತೋಟೆ ಅಂಗಡಿಯಲ್ಲಿ ಇಲ್ಲವೆಂದರೆ, ಇಲ್ಲವೆ ಅಷ್ಟನ್ನು ಸುಡಲು ಮನಸ್ಸು ಒಪ್ಪದೆಂದರೆ, ಪಕ್ಕದಲ್ಲಿರುವ ಪೂರ್ತಿ ಬೆಲೆಯ ರೈಫಲೇ ಅವನಿಗೆ ಅಗ್ಗ. ಹೀಗೆ ಮಾಡಿದರೆ ಉಳಿತಾಯ ಎಲ್ಲಿ ಬಂತು ಎಂದು ಅವನು ಕೇಳಿಯಾನು. ಬರಲಿಲ್ಲ, ಆ 300 ಡಾಲರು ಮೊದಲಿನಿಂದಲೂ ಅವನದಾಗಿರಲಿಲ್ಲ.

ಅಜ್ಜನಿಂದ ಬಂದ ಕೋವಿಯ ಮಾತು ಬೇರೆ. ಅದನ್ನು ಯಾರೂ ಕೊಂಡದ್ದಲ್ಲ, ಅಗ್ಗದ ಮೋಹ ಅಲ್ಲಿಲ್ಲ. ತೋಟೆ ಸಿಕ್ಕದೆ ಹೋದ ವರ್ಷ ಅದನ್ನು ಎಣ್ಣೆ ಒರೆಸಿ ಬೀರುವಿನಲ್ಲಿ ಬೀಗ ಹಾಕಿಟ್ಟು, ಬೇಟೆಗೆ ಹೋಗುವ ನೆರೆಯವನೊಡನೆ ಬರಿಗೈಯಲ್ಲಿ ಕಾಡು ಸುತ್ತಿ ಬರುವುದಕ್ಕೆ ಪೆನ್ಸಿಲ್ವೇನಿಯದಲ್ಲಿ ಯಾರ ಅಡ್ಡಿಯೂ ಇಲ್ಲ.